ಚಂದ್ರ ಕಾಣದ ರಾತ್ರಿ ಸಂಕಷ್ಟಿ ಉಪವಾಸ ಬಿಡುವುದು ಹೇಗೆ?

ಕೆಲಸದ ಮೇಲೆ ಬೆಂಗಳೂರಿನಿಂದ ಕಾಸರಗೋಡಿಗೆ ಬಂದಿದ್ದೀರಿ, ಪ್ರತಿ ತಿಂಗಳು ಸಂಕಷ್ಟಿ, ಅಂದರೆ ರಾತ್ರಿ ಚಂದ್ರನನ್ನು ನೋಡಿ ಊಟ ಮಾಡುವ ಗಣಪತಿಯ ವ್ರತ, ಹಿಡಿಯಬೇಕೆಂದಿದ್ದೀರಿ. ದಿನವಿಡೀ ನೀರನ್ನೂ ಮುಟ್ಟಬಾರದೇ, ಕ್ಯಾಲೆಂಡರಿನಲ್ಲಿ ತದಿಗೆ ಎಂದಿರುವ ದಿನವೇ ಸಂಕಷ್ಟಿ ಎಂದು ಯಾಕೆ ಹಾಕಿದ್ದಾರೆ, ಮೋಡ ಮುಚ್ಚಿದರೆ ಊಟ ಯಾವಾಗ ಎಂದು ಕೇಳಿದ್ದೀರಿ. ನಾನು ಬದಿಯಡ್ಕದ ಕಡೆಯವಳು. ಮದುವೆಯಾಗಿ ಬಂದಲ್ಲಿಂದ ಅತ್ತೆಯ ಜೊತೆ ಈ ವ್ರತ ಮಾಡಿಕೊಂಡು ಬಂದಿದ್ದೇನೆ. ಶಾಲೆಯಲ್ಲಿ ಪಾಠ ಮಾಡುವ ಕೆಲಸವೂ ಉಂಟು, ಹಾಗಾಗಿ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ.

ನೀರು ಕುಡಿಯಿರಿ. ವ್ರತ ಕೆಡಿಸದ ಎಂಟು ವಿಷಯಗಳನ್ನು ಹೇಳುವ ಹಳೆಯ ಶ್ಲೋಕವೇ ಇದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಔಷಧವೂ ಆ ಪಟ್ಟಿಯಲ್ಲಿರುವುದನ್ನು ಗಮನಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡುವುದು ಅಪಾಯ. ಅಂಥವರು ಡಾಕ್ಟರನ್ನು ಕೇಳದೆ ಉಪವಾಸಕ್ಕೆ ಇಳಿಯಲೇಬಾರದು. ಬಸುರಿಯರಿಗೂ ಇದೇ ಮಾತು. ನಿರ್ಜಲ ಮಾಡುವವರನ್ನು ನಾನು ಗೌರವಿಸುತ್ತೇನೆ, ಆದರೆ ಬಸ್ಸಿನಲ್ಲಿ ನಿಂತು ಹೋಗಿ ಸಂಜೆಯವರೆಗೆ ದುಡಿಯುವವರಿಗೆ ಅದನ್ನು ಹೇಳಲಾರೆ. ನಮ್ಮ ಮನೆಯಲ್ಲಿ ಅಕ್ಕಿ ಬೇಯಿಸಿದ ಅನ್ನ, ದೋಸೆ, ಇಡ್ಲಿ ಯಾವುದೂ ಇಲ್ಲ. ಬೆಳಗ್ಗೆ ಮಿಂದು, ಅಂಗಳದ ಗರಿಕೆ ಕೊಯ್ದು ಗಣಪತಿಗೆ ಏರಿಸಿ, ಒಂದು ಲೋಟ ಹಾಲು. ಮಧ್ಯಾಹ್ನಕ್ಕೆ ಬೇಯಿಸಿದ ನೇಂದ್ರ ಬಾಳೆಹಣ್ಣು, ಸೆಕೆಗಾಲವಾದರೆ ಒಂದು ಬೊಂಡ, ನಿಮ್ಮ ಕಡೆಯ ಎಳನೀರು. ಅವಲಕ್ಕಿ ನಮ್ಮಲ್ಲಿ ನಡೆಯುತ್ತದೆ, ಕೆಲವು ಮನೆಗಳಲ್ಲಿ ಅದೂ ಇಲ್ಲ. ನಿಮ್ಮ ಹಿರಿಯರು ಹೇಗೆ ಮಾಡುತ್ತಿದ್ದರೋ ಹಾಗೆ ಮಾಡಿ.

ಇನ್ನು ತದಿಗೆಯ ವಿಷಯ. ಕ್ಯಾಲೆಂಡರಿನ ಚೌಕದಲ್ಲಿ ಬರೆಯುವುದು ಸೂರ್ಯೋದಯಕ್ಕೆ ಇರುವ ತಿಥಿಯನ್ನು. ಸಂಕಷ್ಟಿಗೆ ಲೆಕ್ಕ ಚಂದ್ರೋದಯದ್ದು. ಹುಣ್ಣಿಮೆ ಕಳೆದ ಮೇಲಿನ ಚೌತಿ, ಅಂದರೆ ಕೃಷ್ಣಪಕ್ಷದ ಚತುರ್ಥಿ, ಯಾವ ರಾತ್ರಿ ಚಂದ್ರ ಮೂಡುವ ಹೊತ್ತಿಗೆ ಇರುತ್ತದೋ ಆ ದಿನವೇ ಸಂಕಷ್ಟಿ. ಬೆಳಗ್ಗೆ ತದಿಗೆ ಇದ್ದು ಹಗಲಲ್ಲಿ ಚೌತಿ ಕಾಲಿಟ್ಟರೆ ಸಾಕು.

ಚಂದ್ರೋದಯದ ವಿಷಯದಲ್ಲಿ ಇಲ್ಲಿಗೆ ಹೊಸದಾಗಿ ಬಂದವರು ತಿಳಿದಿರಬೇಕಾದದ್ದು ಒಂದುಂಟು. ಹುಣ್ಣಿಮೆಯ ನಂತರ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುತ್ತಾನೆ. ಹಾಗಾಗಿ ಸಂಕಷ್ಟಿಯ ರಾತ್ರಿ ಎಂಟರಿಂದ ಹತ್ತರ ಆಸುಪಾಸು, ತಿಂಗಳಿಗೆ ತಕ್ಕಂತೆ. ಬೆಂಗಳೂರಿನ ಪಂಚಾಂಗ ನೋಡುತ್ತಿದ್ದರೆ ಅದಕ್ಕೆ 10 ನಿಮಿಷ ಸೇರಿಸಿ. ಕಾಸರಗೋಡು ಅಲ್ಲಿಂದ ಎರಡೂವರೆ ಡಿಗ್ರಿಯಷ್ಟು ಪಡುವಣಕ್ಕಿದೆ, ಒಂದು ಡಿಗ್ರಿಗೆ 4 ನಿಮಿಷದ ವ್ಯತ್ಯಾಸ. ಮಂಗಳೂರಿನ ಲೆಕ್ಕವಾದರೆ ಇಲ್ಲಿಗೂ ಹೆಚ್ಚುಕಡಿಮೆ ಅದೇ ಆಗುತ್ತದೆ. ಆದರೆ ಪಂಚಾಂಗದ ಚಂದ್ರೋದಯ ಒಂದಾದರೆ ನಮ್ಮ ಕಣ್ಣಿಗೆ ಬೀಳುವ ಹೊತ್ತು ಇನ್ನೊಂದು. ನಮ್ಮ ಮನೆ ತೋಟದ ಬದಿಯ ತಗ್ಗಿನಲ್ಲಿದೆ, ಮೂಡು ದಿಕ್ಕಿಗೆ ಗುಡ್ಡೆ. ಚಂದ್ರ ಮೂಡಿ ಎಷ್ಟೋ ಹೊತ್ತಾದ ಮೇಲೆ ಕಂಗಿನ (ಅಡಿಕೆ ಮರದ) ಸೋಗೆಗಳ ಎಡೆಯಲ್ಲಿ ಕೆಂಪಗೆ ಒಂದು ತುಂಡು ಕಾಣುತ್ತದೆ. ಅಷ್ಟರವರೆಗೆ ಅತ್ತೆ ಅಂಗಳದಲ್ಲೇ. ತಾಮ್ರದ ಚೊಂಬಿನಲ್ಲಿ ನೀರು, ಅದಕ್ಕೆ ಒಂದು ಸೌಟು ಹಾಲು, ಗಂಧ, ಅಕ್ಷತೆ, ಒಂದು ಕೆಂಪು ದಾಸವಾಳ. ಗಣಪತಿಗೆ, ಚತುರ್ಥಿ ತಿಥಿಗೆ, ಆಮೇಲೆ ಚಂದ್ರನಿಗೆ ಅರ್ಘ್ಯ. ಬಿಟ್ಟ ನೀರನ್ನು ಯಾರೂ ತುಳಿಯದ ಹಾಗೆ ತುಳಸಿಕಟ್ಟೆಯ ಬುಡಕ್ಕೇ ಹೋಗುವಂತೆ ನಿಲ್ಲುತ್ತಾರೆ. ವ್ರತದ ಜೀವ ಇರುವುದು ಈ ಕಾಯುವಿಕೆಯಲ್ಲೇ ಎಂಬುದು ನನ್ನ ಗಟ್ಟಿ ನಂಬಿಕೆ. ಹಸಿವಾದಾಗ ಉಣ್ಣುವುದು ನಮ್ಮ ಕೈಯಲ್ಲಿದೆ, ಚಂದ್ರ ನಮ್ಮ ಕೈಯಲ್ಲಿಲ್ಲ.

ಆಟಿ, ಸೋಣ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಇಲ್ಲಿ ಚಂದ್ರನನ್ನು ನಿರೀಕ್ಷಿಸಲೇಬೇಡಿ. ಜಡಿಮಳೆ ಹಿಡಿದರೆ ಆಕಾಶವೇ ಕಾಣುವುದಿಲ್ಲ. ಪಂಚಾಂಗದ ಹೊತ್ತು ಕಳೆದ ಮೇಲೆ ಮೂಡು ದಿಕ್ಕಿಗೆ ತಿರುಗಿ, ಚಂದ್ರ ಅಲ್ಲೇ ಇದ್ದಾನೆಂದು ಮನಸ್ಸಿನಲ್ಲಿ ನೆನೆದು ಅರ್ಘ್ಯ ಬಿಟ್ಟು ಊಟ ಮಾಡಿ. ಉಪವಾಸವನ್ನು ಮರುದಿನಕ್ಕೆ ಎಳೆಯಬೇಕಾಗಿಲ್ಲ. ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದಲ್ಲ ಎಂದು ಕೆಲವರು ಹೆದರುತ್ತಾರೆ. ಶ್ಯಮಂತಕಮಣಿಯ ಕಥೆಯ ಆ ಚೌತಿ ಭಾದ್ರಪದ ಶುಕ್ಲಪಕ್ಷದ್ದು, ಗಣೇಶನ ಹಬ್ಬದ ದಿನದ್ದು. ಸಂಕಷ್ಟಿಯಲ್ಲಿ ಚಂದ್ರನನ್ನು ನೋಡಲೇಬೇಕು.

ಕಾಸರಗೋಡಿನಲ್ಲಿದ್ದೀರಿ ಎಂದಮೇಲೆ ಮಧೂರಿಗೆ ಹೋಗದೆ ಇರಬೇಡಿ. ಪೇಟೆಯಿಂದ ದೂರವಿಲ್ಲ, ಮಧುವಾಹಿನಿ ಹೊಳೆಯ ದಂಡೆಯಲ್ಲೇ ದೇವಸ್ಥಾನ. ಅಲ್ಲಿ ಪ್ರಧಾನ ದೇವರು ಮದನಂತೇಶ್ವರ, ಶಿವ. ಗರ್ಭಗುಡಿಯ ಗೋಡೆಯಲ್ಲಿ ಹುಡುಗನೊಬ್ಬ ಆಟಕ್ಕೆ ಬರೆದ ಗಣಪತಿ ಬೆಳೆದು ದಪ್ಪಗಾಗಿ ಬೊಡ್ಡಗಣಪತಿಯಾದ ಎಂದು ನಮ್ಮ ಹಿರಿಯರು ಕಥೆ ಹೇಳುತ್ತಾರೆ. ಆ ಗಣಪತಿಯನ್ನು ಅಪ್ಪದಲ್ಲೇ ಮುಚ್ಚುವ ಮೂಡಪ್ಪ ಸೇವೆ 1992ರಲ್ಲಿ ಆಗಿತ್ತು, ಮತ್ತೆ ಆದದ್ದು 2025ರಲ್ಲಿ. ಸಂಕಷ್ಟಿಯ ದಿನ ಹೋದರೆ ಪ್ರಸಾದದ ಅಪ್ಪವನ್ನು ಮನೆಗೆ ತನ್ನಿ. ಅಕ್ಕಿ, ಬೆಲ್ಲ ಸೇರಿಸಿ ತುಪ್ಪದಲ್ಲಿ ಕರಿದದ್ದು, ಹಾಗಾಗಿ ಹಗಲಲ್ಲಿ ತಿನ್ನುವಂತಿಲ್ಲ. ನಾವು ಪೊಟ್ಟಣವನ್ನು ದೇವರ ಮುಂದೆ ಇಟ್ಟುಬಿಡುತ್ತೇವೆ, ಸಂಜೆಯಾಗುವಾಗ ಕಾಗದದ ತುಂಬಾ ತುಪ್ಪದ ಕಲೆ ಹರಡಿರುತ್ತದೆ. ಚಂದ್ರದರ್ಶನವಾದ ಮೇಲೆ ಮೊದಲ ತುತ್ತು ಅದೇ. ಮತ್ತೆ ಬಿಸಿ ಅನ್ನ, ತಿಳಿಸಾರು, ಮಜ್ಜಿಗೆ. ಹಸಿದ ಹೊಟ್ಟೆಗೆ ಆ ಹೊತ್ತಿನಲ್ಲಿ ಭಾರದ ಅಡುಗೆ ಬೇಡ.

ಮಂಗಳವಾರ ಬಂದರೆ ಅಂಗಾರಕ ಸಂಕಷ್ಟಿ, ಬಹಳ ವಿಶೇಷ. ಶುರುಮಾಡಲು ಅದಕ್ಕಾಗಿ ಕಾಯುವವರಿದ್ದಾರೆ, ನೀವು ಹಾಗೆ ಕಾಯಬೇಡಿ. ಈ ತಿಂಗಳ ಸಂಕಷ್ಟಿ ಯಾವ ವಾರವೇ ಇರಲಿ, ಅಂದೇ ಬೆಳಗ್ಗೆ ಸಂಕಲ್ಪ ಮಾಡಿ.