ಕಣ್ಣಿಗೆ ಬಿದ್ದ ವಚನ ದೇವರ ಅಪ್ಪಣೆಯೇ?

ಬೀದರ್ ಬಿಟ್ಟು ಹೈದರಾಬಾದಿನ ಕೆಲಸಕ್ಕೆ ಸೇರಬೇಕೇ ಎಂದು ಪ್ರಾರ್ಥಿಸಿದಾಗ ಬೈಬಲಿನ ಯೆರೆಮೀಯ 29:11 ಕಣ್ಣಿಗೆ ಬಿತ್ತು, ಇದು ದೇವರ ಅಪ್ಪಣೆಯೇ ಎಂದು ನೀವು ಕೇಳಿದ್ದೀರಿ. ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಹಿತದ್ದೇ, ಅಹಿತದ್ದಲ್ಲ ಎಂದು ದೇವರು ಹೇಳುವ ಆ ವಚನವನ್ನು ಅದರ ಅಧ್ಯಾಯದಿಂದ ಬಿಡಿಸಿ ಓದಿದ್ದೇ ಬಹುಶಃ ಗೊಂದಲದ ಮೂಲ. ಮೊದಲು ಅಧ್ಯಾಯವನ್ನು ಪೂರ್ತಿ ಓದಿರಿ: ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ; 70 ವರ್ಷ ತುಂಬುವವರೆಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರೆಂದು ಹೇಳುತ್ತದೆ. ನಿಮ್ಮ ನೌಕರಿಯ ತೀರ್ಮಾನ ಅದರಲ್ಲಿಲ್ಲ. ಆದರೆ ಅಲ್ಲಿ ಕಾಣುವ ದೇವರ ಸ್ವಭಾವ ಬದಲಾಗದು, ಪವಿತ್ರಾತ್ಮನು ಅದನ್ನು ಇಂದಿನ ಓದುಗನ ಮನಸ್ಸಿಗೂ ಮುಟ್ಟಿಸುತ್ತಾನೆ ಎಂಬುದು ಕ್ರೈಸ್ತರ ನಂಬಿಕೆ. ಒಳಗಿನ ಪ್ರೇರಣೆಗೆ ಎಷ್ಟು ತೂಕ ಕೊಡಬೇಕೆಂಬುದರಲ್ಲಿ ಕ್ರೈಸ್ತ ಸಭೆಗಳಲ್ಲೇ (ಚರ್ಚುಗಳಲ್ಲೇ) ಭಿನ್ನಾಭಿಪ್ರಾಯವಿದೆ. ಬೈಬಲಿನ ಯಾವುದೋ ಪುಟ ತೆರೆದು ಚೀಟಿ ಎತ್ತಿದಂತೆ ಉತ್ತರ ಹುಡುಕುವುದನ್ನು ನಾನಂತೂ ಒಪ್ಪಲಾರೆ. ಆದ್ದರಿಂದ ಅದೇ ಭಾಗವನ್ನು ಕೆಲವು ದಿನ ನಿಧಾನವಾಗಿ ಓದಿ ಪ್ರಾರ್ಥಿಸಿ, ಬಳಿಕ ಸಂಬಳ, ಮನೆಯವರ ಅಗತ್ಯಗಳನ್ನು ಮುಂದಿಟ್ಟುಕೊಂಡು ನಿಮ್ಮ ಪಾಸ್ಟರರೊಡನೆ ಮಾತನಾಡಿ ನಿರ್ಧರಿಸಿರಿ.