ಬೆಲೆಂ ಊರಿನ ಗುಮ್ಮ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬ್ರೆಜಿಲ್‌ನ ಬೆಲೆಂ ಊರಿನ ಪೈಸಾಂಡು ಫುಟ್‌ಬಾಲ್ ಕ್ಲಬ್ ಬಗ್ಗೆ ಎರಡು ಪುಟ ಬರೆದಿದ್ದೀರಿ. ಅರ್ಜೆಂಟೀನಾದ ಬೊಕಾ ಜೂನಿಯರ್ಸ್ ತಂಡವನ್ನು ಒಂದು ಸಲ ಸೋಲಿಸಿದ್ದಕ್ಕೆ ಇಷ್ಟು ಜಾಗ ಬೇಕಿತ್ತಾ? ಪೆಲೆ ಆಡಿದ ಸ್ಯಾಂಟೋಸ್ ಕ್ಲಬ್ ಬಗ್ಗೆ ಬರೆಯಬಹುದಿತ್ತಲ್ಲ? – ಓದುಗರು, ಹಾಸನ

ಸಂಪಾದಕರ ಉತ್ತರ: ಬೇಕಿತ್ತು ಸಾರ್. ಇನ್ನೂ ಒಂದು ಪುಟ ಇದ್ದಿದ್ದರೆ ಚೆನ್ನಾಗಿತ್ತು ಅಂತಲೇ ನನಗೆ ಅನಿಸಿದೆ.

ಬೆಲೆಂ ಇರುವುದು ಅಮೆಜಾನ್ ನದಿ ಸಮುದ್ರ ಸೇರುವ ಕಡೆ. ರಿಯೋ ಅಲ್ಲಿಂದ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ. ದುಡ್ಡು, ಟಿ.ವಿ., ಹೆಸರು ಎಲ್ಲವೂ ದಕ್ಷಿಣದ ಕ್ಲಬ್‌ಗಳಿಗೆ. ಊರಿನ ಬೀದಿಗಳ ತುಂಬ ಮಾವಿನ ಮರ. ಅಲ್ಲಿನ ದೊಡ್ಡ ಸ್ಟೇಡಿಯಂಗೂ ಮಾವಿನದೇ ಹೆಸರು, ಮಂಗೆರಾವ್ ಅಂತ.

ಈ ಕ್ಲಬ್ ಹುಟ್ಟಿದ್ದೇ ಸಿಟ್ಟಿನಿಂದ. 1913ರಲ್ಲಿ ಬೆಲೆಂನ ನಾರ್ಟೆ ಕ್ಲಬ್‌ನವರು ಒಂದು ಪಂದ್ಯ ರದ್ದು ಮಾಡಿ ಅಂತ ಕೇಳಿದರು. ಲೀಗ್ ಒಪ್ಪಲಿಲ್ಲ, ಪ್ರಶಸ್ತಿ ಅದೇ ಊರಿನ ರೆಮೊ ತಂಡದ ಪಾಲಾಯಿತು. ಸಿಟ್ಟಾದವರು 1914ರ ಫೆಬ್ರವರಿ 2ರಂದು ಹೊಸ ಕ್ಲಬ್ ಕಟ್ಟಿದರು. ಉರುಗ್ವೆಯಲ್ಲಿ ಬ್ರೆಜಿಲ್ ಸೇನೆ ಮುತ್ತಿಗೆ ಹಾಕಿ ಗೆದ್ದ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ರೆಮೊ ಜೊತೆಗಿನ ಹಟ ಇವತ್ತಿಗೂ ಆರಿಲ್ಲ. ಇಬ್ಬರೂ 700ಕ್ಕೂ ಹೆಚ್ಚು ಸಲ ಎದುರಾಗಿದ್ದಾರೆ. 1945ರಲ್ಲಿ ಪೈಸಾಂಡು 7–0 ಗೆದ್ದಿತು. ಅಭಿಮಾನಿಗಳು ತಂಡವನ್ನು ಕರೆಯುವುದು 'ಪಪಾವ್' ಅಂತ. ಅಂದರೆ ಮಕ್ಕಳನ್ನು ಹೆದರಿಸುವ ನಮ್ಮ ಗುಮ್ಮನೇ.

'ಒಂದು ಸಲ' ಅಂದಿರಲ್ಲ, ಅದನ್ನು ನಾನು ಒಪ್ಪಲ್ಲ. 1965ರಲ್ಲೇ ಉರುಗ್ವೆಯ ಪೆನ್ಯಾರೋಲ್ ತಂಡ ಬೆಲೆಂಗೆ ಬಂದು 3–0 ಸೋತು ಹೋಗಿತ್ತು. 2002ರಲ್ಲಿ ಬ್ರೆಜಿಲ್‌ನ ಚಾಂಪಿಯನ್ಸ್ ಕಪ್ ಫೈನಲ್‌ನಲ್ಲಿ ಕ್ರೂಜೇರೊ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಪೈಸಾಂಡು ದಕ್ಷಿಣ ಅಮೆರಿಕದ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಲಿಬರ್ಟಡೋರೆಸ್ ಸೇರಿತು. ಉತ್ತರ ಬ್ರೆಜಿಲ್‌ನಿಂದ ಆ ಟೂರ್ನಿಗೆ ಹೋದ ಮೊದಲ ತಂಡ ಅದು. ಗುಂಪು ಹಂತದಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಪರಾಗ್ವೆಯ ಸೆರೋ ಪೋರ್ಟೆನೊವನ್ನು ಅವರ ನೆಲದಲ್ಲೇ 6–2 ಬಡಿಯಿತು.

ಆಮೇಲೆ ಬಂತು 2003ರ ಏಪ್ರಿಲ್ 24. ಬೊಕಾದ ತವರು ಸ್ಟೇಡಿಯಂ ಬೊಂಬೊನೆರಾದಲ್ಲಿ ಗ್ಯಾಲರಿಗಳು ನೆಟ್ಟಗೆ, ಗೋಡೆ ಹಾಗೆ. ಕೂಗು ನೇರ ತಲೆ ಮೇಲೇ ಬೀಳುತ್ತದೆ. ಅಲ್ಲಿಗೆ ಬಂದ ಎಷ್ಟೋ ತಂಡಗಳ ಕಾಲು ನಡುಗಿದೆ. ದ್ವಿತೀಯಾರ್ಧದಲ್ಲಿ ಪೈಸಾಂಡುವಿನ ಇಯಾರ್ಲೆ ಚೆಂಡನ್ನು ಬೊಕಾ ಗೋಲ್‌ಕೀಪರ್ ಅಬ್ಬೊಂಡಾನ್ಜಿಯೇರಿಯನ್ನು ದಾಟಿಸಿದ. 1–0. ಅದೇ ಕೊನೆಯ ಸ್ಕೋರು.

ಅದೇ ಸುತ್ತಿನ ಎರಡನೇ ಪಂದ್ಯವನ್ನು ಬೆಲೆಂನಲ್ಲಿ 2–4ರಿಂದ ಸೋತರು, ಅದು ನಿಜ. ಆ ವರ್ಷ ಕಪ್ ಗೆದ್ದಿದ್ದು ಬೊಕಾನೇ. ಆದರೆ ತನ್ನನ್ನು ಸೋಲಿಸಿದ ಇಯಾರ್ಲೆಯನ್ನೇ ಬೊಕಾ ಕರೆದು ಹತ್ತನೇ ನಂಬರಿನ ಅಂಗಿ ಕೊಟ್ಟಿತು! 2006ರ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಸೋಲಿಸಿದ ಬ್ರೆಜಿಲ್‌ನ ಇಂಟರ್‌ನ್ಯಾಸಿಯೊನಲ್ ತಂಡದ ಗೋಲಿಗೆ ಪಾಸ್ ಕೊಟ್ಟಿದ್ದೂ ಇದೇ ಇಯಾರ್ಲೆ.

ಸ್ಯಾಂಟೋಸ್ ಬಗ್ಗೆ ಖಂಡಿತ ಬರೆಯೋಣ. ಅದಕ್ಕೂ ಮೊದಲು ರೆಮೊ ಸರದಿ. ಪೈಸಾಂಡು ಬಗ್ಗೆ ಬರೆದು ಅವರನ್ನು ಬಿಟ್ಟರೆ ಬೆಲೆಂನ ಅರ್ಧ ಊರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ, ಅಲ್ವಾ?