ಒಂಬತ್ತನೇ ನಂಬರ್ ಸುಮ್ನೆ ನಿಂತಿರಲ್ಲ

"ಗೋಲ್ ಮುಂದೆ ಕಾಯ್ಕೊಂಡು ನಿಲ್ಲೋ ಸೆಂಟರ್ ಫಾರ್ವರ್ಡ್ ಕಾಲ ಮುಗೀತು, ಬಾಲೇ ಮುಟ್ಟದೋನಿಗೆ ಒಂದು ಜಾಗ ಯಾಕೆ ದಂಡ ಮಾಡ್ಬೇಕು" ಅಂತ ಫುಟ್ಬಾಲಿನ ಒಂಬತ್ತನೇ ನಂಬರ್, ಅಂದ್ರೆ ಸೆಂಟರ್ ಫಾರ್ವರ್ಡ್ ಬಗ್ಗೆ ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ.

ಸಾರ್, ನಿಮ್ಮ ಪತ್ರ ಎರಡು ಸಲ ಓದ್ದೆ, ಆಟ ಚೆನ್ನಾಗಿ ನೋಡೋರು ನೀವು, ಅದಕ್ಕೇ ಬೇಜಾರಾಯ್ತು. 2009ರಲ್ಲಿ ಬಾರ್ಸಿಲೋನಾದೋರು ಮೆಸ್ಸಿನ ಸೆಂಟರ್ ಫಾರ್ವರ್ಡ್ ಜಾಗಕ್ಕೆ ಹಾಕಿ, ಅವನು ಕೆಳಗಿಳಿದು ಬಂದು ಆಡಿ, ರಿಯಲ್ ಮ್ಯಾಡ್ರಿಡ್‌ಗೆ ಅವರ ಗ್ರೌಂಡಲ್ಲೇ 6-2 ಬಾರಿಸಿದ್ದು ಒಪ್ತೀನಿ. ಆದ್ರೆ ಎಲ್ಲ ಟೀಮಿಗೂ ಮೆಸ್ಸಿ ಎಲ್ಲಿಂದ ತರ್ತೀರಿ?

2018ರ ವರ್ಲ್ಡ್ ಕಪ್ ನೆನಪಿಸ್ಕೊಳ್ಳಿ. ಫ್ರಾನ್ಸ್‌ನ ಸೆಂಟರ್ ಫಾರ್ವರ್ಡ್ ಜಿರೂ 7 ಮ್ಯಾಚಲ್ಲಿ ಒಂದು ಗೋಲೂ ಹೊಡೀಲಿಲ್ಲ, ಅವನ ಒಂದು ಶಾಟೂ ಗೋಲ್ ಒಳಗೆ ಹೋಗೋ ದಿಕ್ಕಲ್ಲಿರಲಿಲ್ಲ, ಜನ ಬಾಯಿಗ್ ಬಂದಂಗೆ ಬೈದ್ರು. ಕೋಚ್ ದೆಶಾಂ ಮೊದಲ್ನೇ ಮ್ಯಾಚಲ್ಲಿ ಅವನನ್ನ ಬೆಂಚಲ್ಲಿ ಕೂರಿಸಿದ್ರು, ಆಮೇಲೆ ಫೈನಲ್ ತನಕ ಎಲ್ಲ ಮ್ಯಾಚಲ್ಲೂ ಶುರುವಿಂದಲೇ ಆಡಿಸಿದ್ರು. ಯಾಕಂದ್ರೆ ಇವನು ಸ್ಟಾಪರ್‌ಗಳಿಗೆ, ಅಂದ್ರೆ ಗೋಲ್ ಮುಂದೆ ಅಡ್ಡ ನಿಲ್ಲೋ ಎದುರಾಳಿ ಡಿಫೆಂಡರ್‌ಗಳಿಗೆ, ಬೆನ್ನು ಕೊಟ್ಟು, ಎದೆ ಮೇಲೆ ಬಾಲ್ ಇಳಿಸಿ ಕೊಡೋನು, ಎಂಬಾಪೆ, ಗ್ರೀಜ್ಮನ್ ಆ ಸಂದೀಲಿ ನುಗ್ಗೋರು. ಇಬ್ಬರೂ ನಾಲ್ಕು ನಾಲ್ಕು ಗೋಲ್ ಹೊಡೆದ್ರು, ಕಪ್ ಮನೆಗೆ ಬಂತು.

ಪಶ್ಚಿಮ ಜರ್ಮನಿಯ ಸೆಂಟರ್ ಫಾರ್ವರ್ಡ್ ಗೆರ್ಡ್ ಮುಲ್ಲರ್ 1974ರ ವರ್ಲ್ಡ್ ಕಪ್ ಫೈನಲಲ್ಲಿ ಹೊಡೆದ ಗೋಲ್ ಒಂದ್ಸಲ ನಿಧಾನಕ್ಕೆ ನೋಡಿ. ಬಲಗಡೆಯಿಂದ ಬಂದ ಬಾಲ್ ಅವನ ಕಾಲಿಗೆ ತಾಗಿ ಹಿಂದಕ್ಕೆ ಹೋಗುತ್ತೆ, ಬೇರೆಯೋನಾಗಿದ್ರೆ ಅಯ್ಯೋ ಅಂತ ಕೈ ಎತ್ತಿಬಿಡ್ತಿದ್ದ, ಈ ಪುಣ್ಯಾತ್ಮ ಹಿಂದಕ್ಕೆ ಹೆಜ್ಜೆ ಹಾಕಿ, ಅಲ್ಲೇ ಗಿರಕ್ಕನೆ ತಿರುಗಿ, ನೆಲಕ್ಕಂಟಿದಂಗೆ ತಳ್ತಾನೆ. ಗೋಲ್‌ಕೀಪರ್ ಅಲ್ಲಾಡೋದೇ ಇಲ್ಲ. ಜರ್ಮನಿಗೆ 62 ಮ್ಯಾಚಲ್ಲಿ 68 ಗೋಲ್, ಎಷ್ಟೋ ಹಿಂಗೇ ಇಕ್ಕಟ್ಟಲ್ಲಿ ಹೊಡೆದಿದ್ದು.

ನಮ್ಮಲ್ಲಿ ಈ ಕಸುಬು ಕಲಿಸೋರೇ ಇಲ್ಲ, ಅದು ನನ್ನ ಹೊಟ್ಟೆ ಉರಿ. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್‌ಗಳು ಆ ಜಾಗಕ್ಕೆ ವರ್ಷಾ ವರ್ಷಾ ಫಾರಿನ್ನೋರನ್ನ ತರ್ತಾವೆ, ನಮ್ಮ ಬೆಂಗಳೂರು ಟೀಮಲ್ಲೂ ವೆನೆಜುವೆಲಾದ ಮಿಕು ಇದ್ದಾಗ ಛೇತ್ರಿಯಂಥ ಛೇತ್ರಿನೇ ಎಡಗಡೆ ಆಡ್ಬೇಕಾಯ್ತು. 2024ರಲ್ಲಿ ಛೇತ್ರಿ ಇಂಡಿಯಾ ಟೀಮಿಂದ ರಿಟೈರ್ ಅಂದ್ರು, ಗೋಲ್ ಹೊಡೆಯೋಕೆ ಇನ್ನೊಬ್ಬ ಸಿಗದೆ ಮುಂದಿನ ವರ್ಷ ಮತ್ತೆ ಅವರನ್ನೇ ಕರೆದ್ರು.

ಹೋದ ವರ್ಷ ಒಂದು ಅಕಾಡೆಮಿ ಗ್ರೌಂಡ್ ಹತ್ರ ನಿಂತಿದ್ದೆ. ಹನ್ನೆರಡರ ಒಬ್ಬ ಹುಡುಗ ಸ್ಟಾಪರ್ ಭುಜದ ಹಿಂದೆ, ಅವನ ಕಣ್ಣಿಗೆ ಬೀಳದಂಗೆ, ಅರ್ಧ ಹೆಜ್ಜೆ ಆಚೆ ಈಚೆ ಸರೀತಾ ಇದ್ದ. ಯಾರೂ ಹೇಳಿಕೊಟ್ಟಿದ್ದಲ್ಲ ಅದು. "ಏನೋ, ಬಸ್ಸಿಗೆ ಕಾಯ್ತಿದ್ದೀಯಾ? ಬಂದು ಪಾಸ್ ತಗೊಳ್ಳೋ" ಅಂತ ಕೋಚ್ ಕೂಗಿದ್ರು. ತಿಂಗಳಾದ್ಮೇಲೆ ಹೋದಾಗ ಹುಡುಗ ಹಿಂದೆ ಡಿಫೆನ್ಸಲ್ಲಿ ರೈಟ್ ಬ್ಯಾಕ್ ಆಡ್ತಿದ್ದ.

-ಸಂ.